‘ಹಾನ್ಸ್ ಡಬ್ಬಿ’ಯ ಬಗ್ಗೆ ಒಂದು ತಿದ್ದುಪಡಿ

ಕಳೆದ ವರ್ಷ ಕೊಟ್ಟೂರೇಶ್ವರನ ತೇರಿಗೆಂದು ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತೇರಿನ ಮರುದಿನ ನಮ್ಮ ಮನೆಗೂ ಬಂದ. ಹತ್ತು ವರ್ಷಗಳಿಂದ ಜರ್ಮನಿಯಲ್ಲಿ ಎಂಜಿನಿಯರಾಗಿರುವವನು. ಯೋಗಕ್ಷೇಮದ ಮಾತು ಮುಗಿದು, ಮುಂದಿಟ್ಟ ಮಂಡಕ್ಕಿ ಮಿರ್ಚಿಗೆ ಕೈ ಹಾಕುತ್ತ ಅವನು ಕೇಳಿದ ಮೊದಲ ಪ್ರಶ್ನೆ: “ಸಾರ್, ಆ ಹಾನ್ಸ್ ಡಬ್ಬಿ ಇನ್ನೂ ಐತೇನ್ರಿ?”

ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಕೈಕೆಳಗೆ ಚರಿತ್ರೆ ಓದಿದ ನಿಮಗೆಲ್ಲ ಆ ಡಬ್ಬಿಯ ನೆನಪಿರಬಹುದು. ಎರಡನೆಯ ಮಹಾಯುದ್ಧದ ಪಾಠ ಬಂದ ದಿನ ನಾನು ಅದನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಇಡುತ್ತಿದ್ದೆ. ಅಂಗೈಗಿಂತ ತುಸು ಉದ್ದ, ಅಂಗೈಯಷ್ಟೇ ಅಗಲ, ಎರಡು ಬೆರಳು ದಪ್ಪದ ತಗಡಿನ ಪೆಟ್ಟಿಗೆ; ಮೈಮೇಲೆ ಉದ್ದುದ್ದಕ್ಕೆ ಏಣುಗಳು. ಅದು ನನ್ನ ದೊಡ್ಡಪ್ಪ ಯುದ್ಧದಿಂದ ತಂದದ್ದು ಎಂದು ಆರಂಭಿಸಿ, 1943ರ ಮೇ 12ರಂದು ಟುನೀಸಿಯಾದಲ್ಲಿ ಜರ್ಮನ್ ಸೇನಾಪತಿ ಫಾನ್ ಆರ್ನಿಮ್ ನಮ್ಮ ನಾಲ್ಕನೆಯ ಇಂಡಿಯನ್ ಡಿವಿಜನ್ನಿನವರಿಗೆ ಶರಣಾದ ಕಥೆಯನ್ನು ಹೇಳಿ, ಮುಚ್ಚಳದ ಒಳಮೈಯಲ್ಲಿ ಮೊಳೆಯಿಂದಲೋ ಚಾಕುವಿನಿಂದಲೋ ಗೀಚಿದ್ದ ಎರಡು ಇಂಗ್ಲಿಷ್ ಅಕ್ಷರಗಳನ್ನು ತೋರಿಸುತ್ತಿದ್ದೆ. ಎಚ್ ಮತ್ತು ಕೆ. “ಇದು ಈ ಡಬ್ಬಿಯ ಒಡೆಯನಾಗಿದ್ದ ಜರ್ಮನ್ ಸೈನಿಕನ ಹೆಸರು. ಎಚ್ ಎಂದರೆ ಹಾನ್ಸ್” ಎನ್ನುತ್ತಿದ್ದೆ. ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಕೇಳುತ್ತಿದ್ದರು: “ಅವ್ನು ಸತ್ತನೇನ್ರಿ ಸಾರ್?” ಪ್ರತಿ ವರ್ಷವೂ ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ತರಗತಿ ಒಂದು ನಿಮಿಷ ಮೌನವಾಗುತ್ತಿತ್ತು. ಆ ಮೌನ ನನಗೆ ಇಷ್ಟವಾಗುತ್ತಿತ್ತೆಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಇಪ್ಪತ್ತಕ್ಕೂ ಹೆಚ್ಚು ವರ್ಷ ಹೇಳಿದ ಈ ಪಾಠದಲ್ಲಿ ಡಬ್ಬಿ ಜರ್ಮನಿಯದು ಎಂಬುದೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ತಪ್ಪು, ಅಥವಾ ಆಧಾರವಿಲ್ಲದ್ದು. ಅದನ್ನು ನಿಮ್ಮ ಮುಂದೆಯೇ ತಿದ್ದಬೇಕೆಂದು ಈ ಬರಹ.

ಮೊದಲು ಆ ಡಬ್ಬಿ ಏನೆಂಬುದನ್ನು ಹೇಳುತ್ತೇನೆ. ಬಹಳ ಕಾಲ ನನಗೇ ಅದು ಸರಿಯಾಗಿ ತಿಳಿದಿರಲಿಲ್ಲ. ಗುಂಡಿನ ಪೆಟ್ಟಿಗೆಯೆಂದು ಕೆಲವು ವರ್ಷ, ಔಷಧದ ಪೆಟ್ಟಿಗೆಯೆಂದು ಕೆಲವು ವರ್ಷ ಹೇಳಿದ್ದುಂಟು. ಅದು ಎರಡೂ ಅಲ್ಲ. ಬಂದೂಕನ್ನು ಶುಚಿಮಾಡುವ ಸಾಮಾನಿನ ಡಬ್ಬಿ. ಜರ್ಮನ್ ಸೈನ್ಯ ಅದನ್ನು ‘ರೈನಿಗುಂಗ್ಸ್‌ಗೆರೇಟ್ 34’ ಎಂದು ಕರೆಯುತ್ತಿತ್ತು. ಮೊದಲ ಪದಕ್ಕೆ ‘ಶುಚಿಮಾಡುವ ಸಲಕರಣೆ’ ಎಂದಷ್ಟೇ ಅರ್ಥ. 34 ಎಂಬುದು ಅದು ಬಳಕೆಗೆ ಬಂದ 1934ನೆಯ ಇಸವಿ. ಅವರ ಮೌಸರ್ ಬಂದೂಕು ಹಿಡಿದ ಪ್ರತಿಯೊಬ್ಬ ಸಿಪಾಯಿಯ ಬಳಿಯೂ ಇಂಥದೊಂದು ಇರಬೇಕಾಗಿತ್ತು. ಒಳಗೆ ಒಂದು ಸರಪಳಿ, ಎರಡು ಕುಂಚ (ಒಂದು ಕೊಳೆ ತೆಗೆಯಲು, ಒಂದು ಎಣ್ಣೆ ಸವರಲು), ಒಂದು ಪುಟ್ಟ ಎಣ್ಣೆಬುರುಡೆ, ಬಿಚ್ಚಲು ಕೆರೆಯಲು ಒಂದು ಚಪ್ಪಟೆ ಉಪಕರಣ, ಮತ್ತು ನಾರಿನ ಸಣ್ಣ ಬತ್ತಿಗಳು. ಬತ್ತಿಯನ್ನು ಸರಪಳಿಯ ತುದಿಯ ಕುಣಿಕೆಗೆ ಸಿಕ್ಕಿಸಿ, ಸರಪಳಿಯನ್ನು ಗುಂಡು ತುಂಬುವ ಕಡೆಯಿಂದ ನಳಿಗೆಯೊಳಕ್ಕೆ ಇಳಿಬಿಟ್ಟು ಬಾಯಿಯ ಕಡೆಯಿಂದ ಎಳೆಯುವುದು. ಇಷ್ಟೇ ಕೆಲಸ.

ಬಂದೂಕನ್ನು ಹಿಡಿದವರಿಗಲ್ಲದೆ ಬೇರೆಯವರಿಗೆ ಈ ಕೆಲಸದ ಮಹತ್ವ ತಿಳಿಯದು. ನನಗೆ ತಿಳಿದದ್ದು ಎನ್‌ಸಿಸಿಯಿಂದ. 1962ರ ಚೀನಾ ಯುದ್ಧದ ಮರುವರ್ಷದಿಂದ 1968ರವರೆಗೆ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಗಿತ್ತು. ನಾನು ಬಳ್ಳಾರಿಯಲ್ಲಿ ಓದಿದ್ದು ಆ ವರ್ಷಗಳಲ್ಲಿಯೇ. ನಮ್ಮ ಕೈಗೆ ಕೊಡುತ್ತಿದ್ದುದು ಬ್ರಿಟಿಷರ ಕಾಲದ ತ್ರೀ ನಾಟ್ ತ್ರೀ. ಗುರಿಯ ಅಭ್ಯಾಸಕ್ಕೆ ಸಿಗುತ್ತಿದ್ದ ಗುಂಡು ಬೆರಳೆಣಿಕೆಯಷ್ಟು. ಆಮೇಲೆ ನಳಿಗೆ ಉಜ್ಜುವ ಕೆಲಸ ಮಾತ್ರ ಗಂಟೆಗಟ್ಟಲೆ. ಬಂದೂಕಿನ ಹಿಂಬದಿಯ ಮರದ ಬುಡದಲ್ಲಿ ಹಿತ್ತಾಳೆಯ ಪುಟ್ಟ ಮುಚ್ಚಳವಿರುತ್ತದೆ. ಅದನ್ನು ತೆರೆದರೆ ಒಳಗೆ ಎಣ್ಣೆಯ ಹಿತ್ತಾಳೆ ಬಾಟಲಿ, ಅದರ ಜೊತೆಗೆ ಸುತ್ತಿಟ್ಟ ‘ಪುಲ್ ಥ್ರೂ’. ಪುಲ್ ಥ್ರೂ ಎಂದರೆ ಒಂದು ತುದಿಗೆ ಹಿತ್ತಾಳೆಯ ತೂಕ ಕಟ್ಟಿದ ಗಟ್ಟಿ ಹುರಿ. ಇನ್ನೊಂದು ತುದಿಯ ಕಡೆಗೆ ಕುಣಿಕೆಗಳು. ಕುಣಿಕೆಯಲ್ಲಿ ಸಿಕ್ಕಿಸುವ ಬಟ್ಟೆಯ ತುಂಡಿಗೆ ಹವಾಲ್ದಾರರ ಭಾಷೆಯಲ್ಲಿ ‘ಚಿಂದಿ’. ಕೊಳೆ ಒರೆಸುವ ಚಿಂದಿ ನಾಲ್ಕು ಅಂಗುಲ ಉದ್ದ, ಎರಡು ಅಂಗುಲ ಅಗಲ. ಎಣ್ಣೆ ಸವರುವ ಚಿಂದಿಯ ಅಗಲ ಒಂದೂವರೆ ಅಂಗುಲ. ಅರ್ಧ ಅಂಗುಲ ಹೆಚ್ಚಾದರೂ ಅದು ನಳಿಗೆಯ ನಡುವೆ ಸಿಕ್ಕಿಕೊಂಡು, ಎಳೆದವನ ಹಣೆಬರಹ ಆ ದಿನಕ್ಕೆ ಮುಗಿಯಿತು. ಹುರಿಯನ್ನು ನೇರವಾಗಿ ಎಳೆಯಬೇಕು, ಓರೆಯಾಗಿ ಎಳೆದರೆ ಹುರಿ ಉಜ್ಜಿ ಉಜ್ಜಿ ನಳಿಗೆಯ ಬಾಯಿ ಸವೆದು ಗುರಿ ಕೆಡುತ್ತದೆ ಎಂದು ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಎಣ್ಣೆ ಹಾಕಿದರೂ ಬಂದೂಕು ತುಕ್ಕು ಹಿಡಿಯುವುದೇಕೆ ಎಂಬ ನನ್ನ ಪ್ರಶ್ನೆಗೆ ಮಾತ್ರ ಅಲ್ಲಿ ಉತ್ತರ ಸಿಗಲಿಲ್ಲ. ಉತ್ತರ ರಸಾಯನಶಾಸ್ತ್ರದಲ್ಲಿದೆ. ಆ ಕಾಲದ ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸುವ ಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯೊಳಗೆ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ. ಅಡುಗೆ ಉಪ್ಪಿನ ಹತ್ತಿರದ ನೆಂಟ. ಮಳೆಗಾಲದಲ್ಲಿ ಉಪ್ಪಿನ ಗಡಿಗೆ ಹೇಗೆ ಬೆವರುತ್ತದೋ ಹಾಗೆ ಅದೂ ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದಲೇ ಬ್ರಿಟಿಷ್ ಸೈನ್ಯದಲ್ಲಿ ಗುಂಡು ಹಾರಿಸಿದ ಮೇಲೆ ಆಲಿಕೆಯಿಟ್ಟು ಕುದಿಯುವ ನೀರನ್ನು ನಳಿಗೆಯೊಳಗೆ ಸುರಿದು, ಒರೆಸಿ ಒಣಗಿಸಿ, ಅನಂತರವೇ ಎಣ್ಣೆ ಸವರುವ ಪದ್ಧತಿಯಿತ್ತು. ಎಣ್ಣೆ ಎಂದಾಗ ನನಗೆ ಉಜ್ಜಿನಿಯ ನೆನಪಾಗುತ್ತದೆ. ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ಎಣ್ಣೆಯ ಅಭಿಷೇಕ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಕಲ್ಲಿಗೆ ಎಣ್ಣೆ ಹೊಯ್ಯುವುದನ್ನು ಕಂಡು ಬೆಳೆದ ನಮ್ಮ ಸೀಮೆಯ ಸಿಪಾಯಿಗೆ ಕಬ್ಬಿಣಕ್ಕೆ ಎಣ್ಣೆ ಹಚ್ಚೆಂದು ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲವೇನೋ. ಇರಲಿ, ವಿಷಯಕ್ಕೆ ಬರುತ್ತೇನೆ.

ನೌಕರಿಗೆ ಸೇರಿದ ಮೇಲೆ ನನಗೆ ಈ ಸಾಮಾನುಗಳನ್ನು ಕೂಡಿಡುವ ಚಟ ಹತ್ತಿತು. ಬಂದೂಕನ್ನಾಗಲಿ ಗುಂಡನ್ನಾಗಲಿ ನಾನು ಎಂದೂ ಇಟ್ಟುಕೊಂಡವನಲ್ಲ; ಕೇವಲ ಶುಚಿಮಾಡುವ ಸಾಮಾನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ವರ್ಗಾವಣೆ, ಪರೀಕ್ಷಾ ಕೆಲಸ, ಜನಗಣತಿ ಎಂದು ತಿರುಗುವಾಗ ಗುಜರಿ ಅಂಗಡಿಗಳನ್ನು, ನಿವೃತ್ತ ಪೊಲೀಸರ ಮನೆಗಳನ್ನು ನೋಡದೆ ಮುಂದೆ ಹೋಗುತ್ತಿರಲಿಲ್ಲ. ಇಂದು ವಿಜಯನಗರ ಜಿಲ್ಲೆಯಲ್ಲಿರುವ ಈ ಊರುಗಳೆಲ್ಲ 1953ರವರೆಗೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಮಳೆಯನ್ನೇ ನಂಬಿದ ಕೆಂಪು ನೆಲ. ಮಳೆ ಕೈಕೊಟ್ಟ ವರ್ಷ ಸೈನ್ಯದ ಸಂಬಳ ಒಂದು ಮನೆಯನ್ನು ನಡೆಸುತ್ತಿತ್ತು. ಸೇರಿದವರು ಹೆಚ್ಚಾಗಿ ಮದ್ರಾಸಿನ ಪಡೆಗಳಿಗೆ ಸೇರಿದರು. ಹಾಗೆ ಹೋಗಿ ಬಂದವರ ಮನೆಗಳಲ್ಲಿ ಪದಕಗಳು ಉಳಿದಿಲ್ಲ, ಕಾಗದಗಳು ಉಳಿದಿಲ್ಲ. ಕೆಲಸಕ್ಕೆ ಬರುವ ಸಾಮಾನು ಮಾತ್ರ ಉಳಿದಿದೆ.

ಹರಪನಹಳ್ಳಿಯಲ್ಲಿ ಒಬ್ಬ ಅಜ್ಜಿ ಎಲೆ ಅಡಿಕೆಯ ಸಂಚಿಯಿಂದ ಸುಣ್ಣ ತೆಗೆಯುತ್ತಿದ್ದುದನ್ನು ನೋಡಿ ನಾನು ಮಾತು ನಿಲ್ಲಿಸಿದೆ. ಕೈಯಲ್ಲಿದ್ದದ್ದು ತ್ರೀ ನಾಟ್ ತ್ರೀಯ ಎಣ್ಣೆ ಬಾಟಲಿ. ಅದರ ಮುಚ್ಚಳದ ಒಳಗೆ ಎಣ್ಣೆ ತೊಟ್ಟಿಕ್ಕಿಸಲು ಚಮಚದಂತಹ ಸಣ್ಣ ಕಡ್ಡಿಯಿರುತ್ತದೆ. ಸುಣ್ಣ ತೆಗೆಯಲು ಅದಕ್ಕಿಂತ ಒಳ್ಳೆಯದು ಬೇರೆ ಬೇಕೆ! ಹಡಗಲಿಯಲ್ಲಿ ಗಾರೆಯ ಮೇಸ್ತ್ರಿಯೊಬ್ಬ ಪುಲ್ ಥ್ರೂವಿನ ಹಿತ್ತಾಳೆ ತೂಕವನ್ನು ಗೋಡೆಯ ನೇರ ನೋಡುವ ತೂಗುಗುಂಡಾಗಿ ಮಾಡಿಕೊಂಡಿದ್ದ. ಕೇಳಿದರೆ ತನ್ನ ಗುರುವಿನದು ಎಂದ, ಕೊಡಲಿಲ್ಲ. ಕೊಟ್ಟೂರಿನ ಜಾತ್ರೆಯಲ್ಲಿ ಹಳೆಯ ಹಿತ್ತಾಳೆ ಹರಡಿಕೊಂಡು ಕುಳಿತವರಿಂದ ತೂಕದ ಲೆಕ್ಕದಲ್ಲಿ ಕೊಂಡ ಬಾಟಲಿಗಳು ನನ್ನಲ್ಲಿ ಏಳಿವೆ.

ಇವುಗಳ ಗುರುತು ಹಿಡಿಯುವುದು ಕಷ್ಟವಲ್ಲ. ಬಾಟಲಿಯನ್ನು ಹುಣಸೆಹಣ್ಣಿನಿಂದ ತಿಕ್ಕಬಾರದು. ಹತ್ತಿಯಲ್ಲಿ ಸ್ವಲ್ಪ ಸೀಮೆಎಣ್ಣೆ ತೆಗೆದುಕೊಂಡು ಕೊಳೆ ಒರೆಸಿ, ಬೆಳಕನ್ನು ಓರೆಯಾಗಿ ಬೀಳಿಸಿ ನೋಡಬೇಕು. ಬ್ರಿಟಿಷ್ ಸರ್ಕಾರದ ಸೊತ್ತಿಗೆ ಬಾಣದ ತುದಿಯಂಥ ಗುರುತು. ಆ ಬಾಣದ ಕೆಳಗೆ ಇಂಗ್ಲಿಷಿನ ‘ಐ’ ಅಕ್ಷರವಿದ್ದರೆ ಅದು ಇಂಡಿಯಾ ಸರ್ಕಾರದ ಸೊತ್ತು. ಬಂದೂಕುಗಳನ್ನು ತಯಾರಿಸುತ್ತಿದ್ದುದು ಬಂಗಾಳದ ಇಶಾಪುರದ ಕಾರ್ಖಾನೆ. ಅಲ್ಲಿಯ ಬಂದೂಕಿನ ಮೇಲೆ ಸ್ವಾತಂತ್ರ್ಯದ ಹಿಂದೆ ಕಿರೀಟವಿದ್ದ ಜಾಗಕ್ಕೆ ಆಮೇಲೆ ಅಶೋಕನ ಸಿಂಹ ಬಂದಿತು. ಬಾಟಲಿ ಮೊದಲು ಹಿತ್ತಾಳೆಯದು, ಮುಂದೆ ಉಕ್ಕಿನ ತಗಡಿನದೂ ಪ್ಲಾಸ್ಟಿಕ್ಕಿನದೂ ಬಂದವು. ಬಂದೂಕಿನ ಆಯುಷ್ಯವೂ ಸಣ್ಣದಲ್ಲ. ಉತ್ತರ ಪ್ರದೇಶದ ಪೊಲೀಸರು ತ್ರೀ ನಾಟ್ ತ್ರೀಗೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರಲ್ಲಿ.

ಇಷ್ಟೆಲ್ಲ ಬಲ್ಲ ನಾನು ನನ್ನ ಮನೆಯ ಡಬ್ಬಿಯನ್ನೇ ಸರಿಯಾಗಿ ನೋಡಿರಲಿಲ್ಲ. ಅದು 1981ರಲ್ಲಿ ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡವ್ವ ನನಗೆ ಕೊಟ್ಟದ್ದು. ಅವರ ಮನೆಯ ಗೋಡೆಯ ಗೂಡಿನಲ್ಲಿ, ಬಾವಿಯ ರಾಟೆಗೆ ಹಾಕುವ ಎಣ್ಣೆಯ ಪಕ್ಕದಲ್ಲಿ ಅದು ಯಾವಾಗಲೂ ಇರುತ್ತಿತ್ತು. ಹೊಗೆಯ ಕಿಟ್ಟ ಹಿಡಿದು ಕಪ್ಪಾಗಿತ್ತು. ದೊಡ್ಡಪ್ಪ ಯುದ್ಧದ ಬಗ್ಗೆ ಮಾತನಾಡಿದವರಲ್ಲ. ನಾನು ಹುಡುಗನಾಗಿದ್ದಾಗ ಕೇಳಿದ್ದಕ್ಕೆ, “ಅಲ್ಲಿ ಚಳಿ ಭಾಳ ಇತ್ತಪ್ಪ, ಕೆಸರು ಭಾಳ ಇತ್ತು” ಎಂದದ್ದು ಬಿಟ್ಟರೆ ಬೇರೆ ಮಾತು ನೆನಪಿಲ್ಲ. ಗಮನಿಸಿ: ಚಳಿ, ಕೆಸರು. ಮರಳುಗಾಡು ಎಂದು ಅವರು ಹೇಳಿರಲೇ ಇಲ್ಲ. ಟುನೀಸಿಯಾವನ್ನು ಅವರ ಬಾಯಿಗೆ ಹಾಕಿದವನು ನಾನು. ಆ ವರ್ಷ ಯಾವುದೋ ಪುಸ್ತಕದಲ್ಲಿ ಆರ್ನಿಮ್ ಶರಣಾದದ್ದನ್ನು ಓದಿದ್ದೆ, ಪಾಠಕ್ಕೆ ಸೊಗಸಾಗಿ ಹೊಂದಿಕೊಂಡಿತು, ಸೇರಿಸಿದೆ. ಎರಡನೆಯ ವರ್ಷದಿಂದ ಅದು ನನಗೂ ನಿಜವೆನಿಸಿತು.

ಜರ್ಮನಿಯಿಂದ ಬಂದ ಶಿಷ್ಯ ಆ ದಿನ ಡಬ್ಬಿಯನ್ನು ಕಿಟಕಿಯ ಬಳಿಗೆ ಒಯ್ದು, ಫೋನಿನ ದೀಪವನ್ನು ಓರೆಯಾಗಿ ಹಿಡಿದ. ನಾನು ಬಾಟಲಿಗಳಿಗೆ ಮಾಡುತ್ತಿದ್ದುದನ್ನೇ ಅವನು ನನ್ನ ಡಬ್ಬಿಗೆ ಮಾಡಿದ. ಕಿಟ್ಟದ ಕೆಳಗಿನಿಂದ ಎರಡು ಅಕ್ಷರ, ಎರಡು ಅಂಕಿ ಮೇಲೆದ್ದವು: ಎ, ಬಿ, 43. ಪಕ್ಕದಲ್ಲಿ ತಪಾಸಣೆಯ ಹದ್ದಿನ ಮುದ್ರೆ, ಅರ್ಧ ಅಳಿಸಿದ್ದು.

ಇದನ್ನು ಓದುವುದು ಹೀಗೆ. ಯುದ್ಧದ ಮೊದಲು ಇಂಥ ಡಬ್ಬಿಗಳ ಮೇಲೆ ತಯಾರಕರ ಪೂರ್ತಿ ಹೆಸರೇ ಇರುತ್ತಿತ್ತು. ಬರ್ಲಿನ್ನಿನ ಸ್ಪಾಂಡೌ ಭಾಗದ ಜಿ. ಆಪ್ಪೆಲ್ ಕಾರ್ಖಾನೆಯ ಹೆಸರು ಹೆಚ್ಚು ಕಾಣುತ್ತದೆ. ಯಾವ ಕಾರ್ಖಾನೆ ಎಲ್ಲಿದೆಯೆಂಬುದು ಶತ್ರುವಿಗೆ ತಿಳಿಯಬಾರದೆಂದು 1940-41ರ ಹೊತ್ತಿಗೆ ಹೆಸರುಗಳ ಜಾಗದಲ್ಲಿ ಸಂಕೇತಾಕ್ಷರಗಳು ಬಂದವು. ಆಪ್ಪೆಲ್‌ಗೆ ಸಿ-ಎನ್-ಎಕ್ಸ್ ಎಂಬ ಮೂರಕ್ಷರ. ಎ-ಬಿ ಎಂಬುದು ಮಾಗ್ಡೆಬುರ್ಗ್ ನಗರದ ಮುಂಡ್ಲೋಸ್ ಕಂಪನಿಯದು. ಮುಂಡ್ಲೋಸ್‌ನವರು ಮೂಲತಃ ಹೊಲಿಗೆ ಯಂತ್ರ ಮಾಡುವವರು! ನಮ್ಮ ಮನೆಗಳ ಸಿಂಗರ್ ಮಿಷನ್ನಿನಂತೆ ಅಲ್ಲಿಯ ಮನೆಗಳಲ್ಲಿ ಅವರ ಮಿಷನ್. ಹೊಲಿಗೆ ಯಂತ್ರದ ಸಾಮಾನು ಒತ್ತುತ್ತಿದ್ದವರನ್ನು ಯುದ್ಧ ಬಂದೂಕಿನ ಡಬ್ಬಿ ಒತ್ತಲು ಹಚ್ಚಿತು.

ಗುರುತು ಓದುವುದರಿಂದ ಯಾವುದು ಅಲ್ಲವೆಂಬುದು ಮೊದಲು ಗೊತ್ತಾಗುತ್ತದೆ. ಹಿಂದೊಮ್ಮೆ ಕೂಡ್ಲಿಗಿಯ ಹಿರಿಯರೊಬ್ಬರು ಈ ಡಬ್ಬಿಯನ್ನು ನೋಡಿ, ಇದು ಬಳ್ಳಾರಿಯಲ್ಲಿದ್ದ ತುರ್ಕಿ ಕೈದಿಗಳದು ಎಂದು ವಾದಿಸಿದ್ದರು. ಮೊದಲ ಮಹಾಯುದ್ಧದಲ್ಲಿ ಬಳ್ಳಾರಿಯಲ್ಲಿ ತುರ್ಕಿ ಯುದ್ಧಕೈದಿಗಳ ಶಿಬಿರವಿದ್ದದ್ದು ನಿಜ, ತುರ್ಕಿಯವರ ಕೈಯಲ್ಲಿ ಜರ್ಮನಿಯ ಮೌಸರ್ ಇದ್ದದ್ದೂ ನಿಜ. ಆದರೆ 1934ರಲ್ಲಿ ಹುಟ್ಟಿದ ಡಬ್ಬಿ 1918ರ ಕೈದಿಯ ಜೇಬಿನಲ್ಲಿರಲಾರದು. ಅವರನ್ನು ಆ ದಿನ ನಾನು ಈ ತರ್ಕದಿಂದಲೇ ಸೋಲಿಸಿದ್ದೆ, ಸ್ವಲ್ಪ ಜಂಬದಿಂದಲೇ. ಅದೇ ತರ್ಕ ಈಗ ನನ್ನ ಕಡೆಗೆ ತಿರುಗಿತು. 1943ರಲ್ಲಿ ಮಾಗ್ಡೆಬುರ್ಗ್‌ನಲ್ಲಿ ತಯಾರಾದ ಡಬ್ಬಿ ಅದೇ ವರ್ಷದ ಮೇ 12ಕ್ಕೆ ಮೊದಲು ಸಮುದ್ರ ದಾಟಿ ಟುನೀಸಿಯಾ ಸೇರಬೇಕು. ಅಸಾಧ್ಯವೆನ್ನಲಾರೆ; ಆದರೆ ನಂಬುವುದು ಕಷ್ಟ.

ಸಂದೇಹವನ್ನು ಪೂರ್ತಿ ನೀಗಿಸಿದ್ದು ಹಡಗಲಿಯಲ್ಲಿರುವ ಅಕ್ಕ, ಎಂದರೆ ದೊಡ್ಡಪ್ಪನ ಮಗಳು. ಅವಳಿಗೆ ಈಗ ಎಂಬತ್ತನಾಲ್ಕು. ಅಪ್ಪ ದಂಡಿಗೆ ಹೋದಾಗ ಅವಳಿನ್ನೂ ಅಂಬೆಗಾಲಿಡುವ ಕೂಸು. “ನಮ್ಮಪ್ಪಂದು ಒಂದು ಕಾಗದ ಐತಿ ನೋಡು, ಜಮೀನಿಂದು ಅಂತ ಇಟ್ಕಂಡಿದ್ವಿ, ಅದು ಜಮೀನಿಂದಲ್ಲಂತ” ಎಂದು ಟ್ರಂಕಿನಿಂದ ತೆಗೆದುಕೊಟ್ಟಳು. ಹಳದಿಗಟ್ಟಿ ಮಡಿಕೆಗಳಲ್ಲಿ ಹರಿದಿದ್ದ ಸೈನ್ಯದ ಬಿಡುಗಡೆ ಪತ್ರ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್. ಸೇರಿದ್ದು 1942, ಬಿಡುಗಡೆ 1946. ಪದಕಗಳ ಸಾಲಿನಲ್ಲಿ 1939-45 ಸ್ಟಾರ್, ಇಟಲಿ ಸ್ಟಾರ್, ವಾರ್ ಮೆಡಲ್. ಆಫ್ರಿಕಾ ಸ್ಟಾರ್ ಇಲ್ಲ.

ಚರಿತ್ರೆಯ ವಿದ್ಯಾರ್ಥಿಗೆ ಇಷ್ಟು ಸಾಕು. ಉತ್ತರ ಆಫ್ರಿಕಾದಲ್ಲಿ 1943ರ ಮೇ 12ರೊಳಗೆ ಸೇವೆ ಮಾಡಿದವರಿಗೆ ಆಫ್ರಿಕಾ ಸ್ಟಾರ್, ಅದೇ ಜೂನ್ 11ರಿಂದ 1945ರ ಮೇ 8ರವರೆಗೆ ಇಟಲಿಯ ಕಡೆ ಇದ್ದವರಿಗೆ ಇಟಲಿ ಸ್ಟಾರ್. ದೊಡ್ಡಪ್ಪ ಆರ್ನಿಮ್‌ನ ಮುಖವನ್ನಲ್ಲ, ಟುನೀಸಿಯಾದ ಮರಳನ್ನೂ ನೋಡಿದವರಲ್ಲ. ಅವರು ಹೇಳಿದ ಚಳಿಯೂ ಕೆಸರೂ ಇಟಲಿಯವು. 1943-44ರ ಚಳಿಗಾಲದಲ್ಲಿ ಇಟಲಿಯ ಬೆಟ್ಟಗಳಲ್ಲಿ ಬಿದ್ದ ಮಳೆ, ಹಿಮಗಳಲ್ಲಿ ದಾರಿ ಮಾಡುವುದು, ಹೊಳೆಗೆ ಸೇತುವೆ ಹಾಕುವುದು, ನೆಲದಲ್ಲಿ ಹುಗಿದಿಟ್ಟ ಸಿಡಿಗುಂಡುಗಳನ್ನು ಹುಡುಕಿ ತೆಗೆಯುವುದು ಸ್ಯಾಪರ್‌ಗಳ ಪಾಲಿನ ಕೆಲಸ. ಅದೇ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣ್ಯಂ 1944ರ ಫೆಬ್ರವರಿ 24ರಂದು ಮಿನ್ಯಾನೋ ಎಂಬಲ್ಲಿ ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು. ಮರಣಾನಂತರ ಅವರಿಗೆ ಜಾರ್ಜ್ ಕ್ರಾಸ್ ಬಂದಿತು. ತರಗತಿಯಲ್ಲಿ ನಾನು ಹೇಳಬೇಕಾಗಿದ್ದದ್ದು ಇವರ ಕಥೆ. ಹೇಳಿದ್ದು ಆರ್ನಿಮ್‌ನದು.

ಕಾಗದದ ಕೊನೆಯಲ್ಲಿ ಸಹಿ ಇತ್ತು. ದೊಡ್ಡಪ್ಪ ಕನ್ನಡದ ನಾಲ್ಕನೆಯ ಇಯತ್ತೆಯವರೆಗೆ ಓದಿದವರು, ಇಂಗ್ಲಿಷ್ ಬಾರದು. ಆದರೆ ಆ ಕಾಲದ ಇಂಡಿಯನ್ ಸೈನ್ಯದಲ್ಲಿ ಸಿಪಾಯಿಗಳಿಗೆ ಹಿಂದೂಸ್ತಾನಿಯನ್ನು ಇಂಗ್ಲಿಷ್ ಲಿಪಿಯಲ್ಲಿ ಓದಿ ಬರೆಯಲು ಕಲಿಸುತ್ತಿದ್ದರು. ಹೀಗೆ ಕಲಿತ ಲಿಪಿಯಲ್ಲಿ, ಶಾಲೆಯ ಹುಡುಗನ ಅಕ್ಷರದಂತೆ ಬಿಡಿಬಿಡಿಯಾಗಿ ಅವರು ಹೆಸರು ಬರೆದಿದ್ದರು. ಮೊದಲು ಊರಿನ ಅಕ್ಷರ, ಆಮೇಲೆ ತಮ್ಮ ಹೆಸರು. ಊರಿನ ಅಕ್ಷರ ಎಚ್. ಹೆಸರಿನ ಮೊದಲ ಅಕ್ಷರ ಕೆ. ಆ ಕೆ ಅಕ್ಷರದ ಕೆಳಗಿನ ಕಾಲು ಉದ್ದವಾಗಿ ಎಳೆದು ತುದಿಯಲ್ಲಿ ಮೇಲಕ್ಕೆ ಮಡಚಿತ್ತು.

ನಾನು ಕೈಚೀಲದಿಂದ ಡಬ್ಬಿ ತೆಗೆದೆ. ಮುಚ್ಚಳ ತೆರೆದು ಕಾಗದದ ಪಕ್ಕಕ್ಕಿಟ್ಟೆ. ಅದೇ ಕಾಲು, ಅದೇ ಮಡಿಕೆ.

ಅಕ್ಕ ಏನಾಯಿತೆಂದು ಕೇಳಿದಳು. ಏನೂ ಇಲ್ಲವೆಂದೆ. ಇಪ್ಪತ್ತು ವರ್ಷಗಳ ಕಾಲ ನೂರಾರು ಮಕ್ಕಳ ಮುಂದೆ ನಾನು ಕೊಂದ ಹಾನ್ಸ್ ಎಂಬ ಜರ್ಮನ್ ಸೈನಿಕ ಇರಲೇ ಇಲ್ಲ, ಆ ಹೆಸರು ನಿನ್ನ ಅಪ್ಪನದು ಎಂದು ಅವಳಿಗೆ ಹೇಗೆ ಹೇಳುವುದು? ಆ ಕಥೆಯಲ್ಲಿ ಸತ್ತವನ ಮೈಮೇಲಿನಿಂದ ಡಬ್ಬಿ ತೆಗೆದುಕೊಂಡವರಾಗಿ ನಾನು ನಿಲ್ಲಿಸಿದ್ದೂ ಅವರನ್ನೇ. ಡಬ್ಬಿಯನ್ನು ಅವರು ಎಲ್ಲಿ ಪಡೆದರೆಂದು ಹೇಳುವ ಸಾಕ್ಷ್ಯ ಡಬ್ಬಿಯಲ್ಲಾಗಲಿ ಕಾಗದದಲ್ಲಾಗಲಿ ಇಲ್ಲ. ಇಟಲಿಯಲ್ಲಿದ್ದ ಜರ್ಮನ್ ಸೈನ್ಯ 1945ರ ಮೇ 2ರಂದು ಒಟ್ಟಾಗಿ ಶರಣಾಯಿತು. ಅಂಥ ಸಮಯದಲ್ಲಿ ಆಯುಧಗಳೂ ಅವುಗಳ ಸಾಮಾನುಗಳೂ ರಾಶಿ ಬೀಳುತ್ತವೆ, ಎತ್ತಿಕೊಳ್ಳಲು ಯಾರನ್ನೂ ಕೊಲ್ಲಬೇಕಾಗಿಲ್ಲ. “ಅವ್ನು ಸತ್ತನೇನ್ರಿ ಸಾರ್?” ಎಂದು ಕೇಳಿದ ಎಲ್ಲರಿಗೂ ಈಗ ನನ್ನ ಉತ್ತರ: ಗೊತ್ತಿಲ್ಲಪ್ಪ. ಅಂದೂ ಗೊತ್ತಿರಲಿಲ್ಲ.

ಡಬ್ಬಿಯ ಒಳಗಿನ ಸಾಮಾನಿನ ವಿಷಯ ಉಳಿಯಿತು. ನನಗೆ ಸಿಕ್ಕಾಗ ಅದರಲ್ಲಿ ಜರ್ಮನಿಯದೆಂದು ಇದ್ದದ್ದು ಒಂದು ಕುಂಚ ಮಾತ್ರ. ಎಣ್ಣೆಬುರುಡೆಯ ಜಾಗದಲ್ಲಿ ತ್ರೀ ನಾಟ್ ತ್ರೀಯ ಹಿತ್ತಾಳೆ ಬಾಟಲಿ. ಬಾಣ, ಅದರ ಕೆಳಗೆ ಐ. ಬಿಡುಗಡೆಯಾಗುವಾಗ ಬಂದೂಕಿನೊಂದಿಗೆ ಹಿಂದಕ್ಕೊಪ್ಪಿಸಬೇಕಾಗಿದ್ದ ಸರ್ಕಾರದ ಸೊತ್ತು ಅದು. ದೊಡ್ಡಪ್ಪ ಅದನ್ನು ಹೇಗೆ ಉಳಿಸಿಕೊಂಡರೋ, ಈಗ ಕೇಳುವವರಿಲ್ಲ. ಜೊತೆಗೆ ನಾಲ್ಕು ಅಂಗುಲಕ್ಕೆ ಎರಡು ಅಂಗುಲದ ಅಳತೆಗೆ ಸರಿಯಾಗಿ ಕತ್ತರಿಸಿದ ಚಿಂದಿಗಳು. ಸೈನ್ಯದ ಫ್ಲಾನಲ್ ಅಲ್ಲ, ದೊಡ್ಡವ್ವನ ಹಳೆಯ ಸೀರೆಯವು. ಮನೆಯಲ್ಲಿ ಬಂದೂಕಿರಲಿಲ್ಲ, ಮೂವತ್ತೈದು ವರ್ಷ ಅವರು ಆ ಚಿಂದಿಯಿಂದ ಒರೆಸಿದ್ದು ರಾಟೆಯನ್ನು, ಕುಡುಗೋಲನ್ನು, ಬೀಗವನ್ನು. ಆದರೂ ಅಳತೆ ತಪ್ಪಿರಲಿಲ್ಲ.

ಶಿಷ್ಯನ ಮೂಲಕ ಇಂಥ ಡಬ್ಬಿಗಳನ್ನು ಸಂಗ್ರಹಿಸುವ ವಿದೇಶದ ಹವ್ಯಾಸಿಯೊಬ್ಬರಿಗೆ ಚಿತ್ರಗಳನ್ನು ಕಳಿಸಿದ್ದೆ. ಅವರು ಬಲ್ಲವರು. ಎ-ಬಿ 43 ಎಂಬುದನ್ನು ದೃಢಪಡಿಸಿ, ಬ್ರಿಟಿಷ್ ಬಾಟಲಿಯನ್ನೂ ಬಟ್ಟೆಯನ್ನೂ ತೆಗೆದುಹಾಕಿ ಅದೇ ಕಾಲದ ಜರ್ಮನ್ ಸಾಮಾನನ್ನು ಒಂದೊಂದಾಗಿ ಕೊಂಡು ತುಂಬಿಸಿದರೆ ಒಳ್ಳೆಯ ‘ಪೂರ್ಣ ಸೆಟ್’ ಆಗುತ್ತದೆ ಎಂದು ಸಲಹೆ ಕೊಟ್ಟರು. ಆ ಹವ್ಯಾಸದಲ್ಲಿ ಅದು ರೂಢಿ, ಬೆಲೆಯೂ ಅದಕ್ಕೇ. ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆ ತುಂಬಿಸಿದರೆ ಸಿಗುವುದು 1943ರಲ್ಲಿ ಕಾರ್ಖಾನೆಯಿಂದ ಹೊರಬಿದ್ದ ಡಬ್ಬಿಯ ಪ್ರತಿಕೃತಿ. 1946ರಿಂದ 1981ರವರೆಗೆ ಗೂಡಿನಲ್ಲಿದ್ದ ಡಬ್ಬಿ ಹೋಗಿಬಿಡುತ್ತದೆ. ಈ ಮನುಷ್ಯನ ಬಗ್ಗೆ ಒಮ್ಮೆ ಕಥೆ ಕಟ್ಟಿ ಕೆಡಿಸಿದವನು ಇನ್ನೊಮ್ಮೆ ಅಚ್ಚುಕಟ್ಟು ಮಾಡಲು ಹೋಗಿ ಕೆಡಿಸುವುದು ಬೇಡವೆಂದುಕೊಂಡೆ.

ಶಿಷ್ಯ ಮಾತ್ರ ಕೇಳಲಿಲ್ಲ. ಈ ಬೇಸಿಗೆಯಲ್ಲಿ ಅಲ್ಲಿಯ ಹಳೆಯ ಸಾಮಾನಿನ ಸಂತೆಯಿಂದ ಒಂದು ಸರಪಳಿ ಕೊಂಡು ಕಳಿಸಿದ. “ಸಾರ್, ಡಬ್ಬಿಯಲ್ಲಿ ಸರಪಳಿ ಇಲ್ಲವಲ್ಲ, ಅದೊಂದಾದರೂ ಇರಲಿ” ಎಂದು ಚೀಟಿ. ಯುದ್ಧದ ಮೊದಲ ವರ್ಷಗಳಲ್ಲಿ ಈ ಸರಪಳಿಯನ್ನು ಅಲ್ಯೂಮಿನಿಯಂನಿಂದ ಮಾಡುತ್ತಿದ್ದರು, ಮೃದುವಾದ ಲೋಹ, ನಳಿಗೆಯ ಒಳಮೈ ಗೀಚದು. ಅಲ್ಯೂಮಿನಿಯಂ ವಿಮಾನಗಳಿಗೆ ಬೇಕಾದಾಗ ಉಕ್ಕಿನದು ಬಂದಿತು. ಶಿಷ್ಯ ಕಳಿಸಿದ್ದು ಉಕ್ಕಿನದು. ಅದನ್ನು ಲಕೋಟೆಯಲ್ಲಿಟ್ಟು, ಯಾರು, ಯಾವಾಗ, ಎಲ್ಲಿಂದ ಕೊಟ್ಟದ್ದೆಂದು ಮೇಲೆ ಬರೆದು, ಡಬ್ಬಿಯ ಹೊರಗೆ ಇಟ್ಟಿದ್ದೇನೆ.

ಹಡಗಲಿಗೆ ಮತ್ತೆ ಹೋದಾಗ ಈ ಸರಪಳಿಯನ್ನು ಅಕ್ಕನಿಗೆ ತೋರಿಸಿದೆ. ಅವಳು ಕೈಯಲ್ಲಿ ಹಿಡಿದು ನೋಡಿ, “ಇದು ನಮ್ಮ ಗಂಟಿ ಸರಪಳಿ ಇದ್ದಂಗೈತಲ್ಲೋ” ಎಂದಳು. ದೇವರ ಕೋಣೆಗೆ ಕರೆದುಕೊಂಡು ಹೋದಳು. ಜಗುಲಿಯ ಮೇಲೆ ತೂಗುಹಾಕಿದ್ದ ಪುಟ್ಟ ಗಂಟೆಗೆ, ಎಣ್ಣೆಯ ಹೊಗೆಯಲ್ಲಿ ಕಪ್ಪಾದ ಚಿಕ್ಕ ಚಿಕ್ಕ ಕೊಂಡಿಗಳ ಸರಪಳಿ. ಬೆರಳಿನಿಂದ ಉಜ್ಜಿದೆ, ಕೆಳಗೆ ಬಿಳಿಯ ಲೋಹ, ತುಕ್ಕಿನ ಗುರುತೇ ಇಲ್ಲ. ಅಲ್ಯೂಮಿನಿಯಂ. ಬಿಚ್ಚಿ ಒಂದು ದಿನದ ಮಟ್ಟಿಗೆ ಡಬ್ಬಿಯಲ್ಲಿಟ್ಟು ಚಿತ್ರ ತೆಗೆದು ಕೊಡುತ್ತೇನೆ ಎಂದು ಕೇಳಿದೆ.

“ಯಾಕ ಬಿಚ್ತೀಯೋ ತಮ್ಮಾ. ನಮ್ಮಪ್ಪ ಕಟ್ಟಿದ್ದು. ಅದು ಅಲ್ಲೇ ಇರ್ಲಿ.”

ಸ್ಟೂಲು ಹತ್ತಿ, ಇದ್ದಲ್ಲಿಯೇ ಅಳತೆ ತೆಗೆದುಕೊಂಡು, ಎರಡು ಚಿತ್ರ ತೆಗೆದುಕೊಂಡು ಬಂದೆ.